ಕಾರಿನ ಹೊಟ್ಟೆಯಡಿ ವೆಲ್ಡಿಂಗ್: ಬಿಗಿ ಎಲ್ಲಿಂದ ಬರುತ್ತದೆ?

ಪ್ರಶ್ನೆ: ಅಮೆರಿಕದ ಮಿಷಿಗನ್‌ನಲ್ಲಿರುವ ನನ್ನ ಅಣ್ಣನ ಮಗ 1966ರ ಫೋರ್ಡ್ ಮಸ್ಟಾಂಗ್ ಕೊಂಡಿದ್ದಾನೆ. ಅದರ ಅಡಿಗೆ ಉದ್ದುದ್ದ ಕಬ್ಬಿಣದ ಪೈಪು ವೆಲ್ಡ್ ಮಾಡಿಸುತ್ತಾನಂತೆ. ಹಾಗೆ ಮಾಡಿದರೆ ಚಾಸಿ ಬಿಗಿಯಾಗುತ್ತದಂತೆ. ಇಡೀ ಕಾರೇ ಕಬ್ಬಿಣವಾಗಿರುವಾಗ ಇನ್ನೆರಡು ಪೈಪು ಸೇರಿಸಿದರೆ ಏನು ಬದಲಾಗುತ್ತದೆ? ನಮ್ಮ ತಂದೆಯವರ ಹತ್ತಿರ ಅಂಬಾಸಿಡರ್ ಇತ್ತು. ಅದಕ್ಕೆ ಲಾರಿಯ ಹಾಗೆ ಬೇರೆ ಚಾಸಿ ಇದ್ದುದರಿಂದಲೇ ಅಷ್ಟು ಗಟ್ಟಿ ಎಂದು ಅವರು ಹೇಳುತ್ತಿದ್ದರು. ಇಲ್ಲಿಯ ಗ್ಯಾರೇಜಿನವರು ನನ್ನ ಹತ್ತು ವರ್ಷದ ಹ್ಯಾಚ್‌ಬ್ಯಾಕ್‌ಗೂ ಅದೇ ಕೆಲಸ ಮಾಡಿಕೊಡುತ್ತೇವೆ ಎನ್ನುತ್ತಿದ್ದಾರೆ. ಮಾಡಿಸಲೇ?
— ಓದುಗರು, ಹುಬ್ಬಳ್ಳಿ

ಕೊನೆಯ ಪ್ರಶ್ನೆಯನ್ನೇ ಮೊದಲು ಮುಗಿಸಿಬಿಡೋಣ: ನಿಮ್ಮ ಕಾರಿಗೆ ಬೇಡ. ನಿಮ್ಮ ಅಣ್ಣನ ಮಗ ಮಾಡಿಸಬಹುದು, ಮಾಡಿಸಿದರೆ ಒಳ್ಳೆಯದೇ. ಒಂದೇ ಕೆಲಸ ಅಲ್ಲಿ ಸರಿ, ಇಲ್ಲಿ ತಪ್ಪು ಹೇಗೆ ಎಂದು ನೀವು ಕೇಳುತ್ತೀರಿ. ಕಾರಿನ ಬಿಗಿತ ಕಬ್ಬಿಣದ ತೂಕದಿಂದ ಬರುವುದಿಲ್ಲ. ಆ ತಗಡನ್ನು ಯಾವ ಆಕಾರಕ್ಕೆ ಮಡಿಸಿದ್ದಾರೆ, ಆ ಆಕಾರ ಎಲ್ಲಿ ಮುಚ್ಚಿದೆ, ಎಲ್ಲಿ ಬಾಯಿ ಬಿಟ್ಟಿದೆ, ಒಂದು ತುದಿಯ ಭಾರ ಇನ್ನೊಂದು ತುದಿಗೆ ಯಾವ ದಾರಿಯಲ್ಲಿ ಹೋಗುತ್ತದೆ ಎಂಬುದರಿಂದ ಬರುತ್ತದೆ. ಹಳೆಯ ಮಸ್ಟಾಂಗ್‌ನಲ್ಲಿ ಆ ದಾರಿ ನಡುವೆ ಕಡಿದುಹೋಗಿದೆ. ಕಾರ್ಖಾನೆಯಿಂದ ಬರುವಾಗಲೇ ಹಾಗಿತ್ತು. ನಿಮ್ಮ ಹ್ಯಾಚ್‌ಬ್ಯಾಕ್‌ನಲ್ಲಿ ಕಡಿದಿಲ್ಲ.

ಅಂಬಾಸಿಡರ್ ವಿಷಯದಲ್ಲಿ ನಿಮ್ಮ ತಂದೆಯವರ ಮಾತನ್ನು ಅರ್ಧ ಒಪ್ಪಬಹುದು. ಗಟ್ಟಿ ಹೌದು, ಆದರೆ ಲಾರಿಯ ಚಾಸಿ ಅದಕ್ಕೆ ಇರಲಿಲ್ಲ. ಅದು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಸೀರೀಸಿನ ಪಡಿಯಚ್ಚು. ನೆಲ, ಗೋಡೆ, ಸೂರು ಎಲ್ಲ ತಗಡೂ ಒಂದಕ್ಕೊಂದು ಬೆಸೆದು ಭಾರ ಹೊರುವ ಬಗೆಯದು. ಇದಕ್ಕೆ ಮಾನೊಕಾಕ್ ಎನ್ನುತ್ತಾರೆ. ಟ್ಯಾಕ್ಸಿಯಾಗಿ ಓಡುತ್ತಿದ್ದ ಪ್ರೀಮಿಯರ್ ಪದ್ಮಿನಿಯೂ ಹಾಗೆಯೇ, ಆಮೇಲೆ ಬಂದ ಮಾರುತಿ 800 ಕೂಡ. ನಿಜವಾದ ಬೇರೆ ಚಾಸಿ, ಅಂದರೆ ಎರಡು ಉದ್ದನೆಯ ಹಳಿ, ಅಡ್ಡಕ್ಕೆ ಮೆಟ್ಟಿಲುಗಳಂತೆ ತೊಲೆಗಳು, ಅದರ ಮೇಲೆ ರಬ್ಬರ್ ಇಟ್ಟು ಬೋಲ್ಟ್ ಬಿಗಿದ ಬಾಡಿ: ಇದು ಮಾರುತಿ ಜಿಪ್ಸಿಯಲ್ಲಿತ್ತು. ಇಂದಿಗೂ ಬೊಲೆರೊ, ಸ್ಕಾರ್ಪಿಯೊ, ಥಾರ್‌ಗಳಲ್ಲಿದೆ.

ಅಂಥ ಚಾಸಿ ತಿರುಚುವಿಕೆಗೆ ಬಿಗಿಯಾಗಿ ನಿಲ್ಲುತ್ತದೆ ಎಂದು ಅನೇಕರು ನಂಬಿದ್ದಾರೆ. ಲಾರಿಯ ಚಾಸಿಯನ್ನು ನೋಡಿದರೆ ಆ ನಂಬಿಕೆ ಉಳಿಯುವುದಿಲ್ಲ. ಅದರ ಹಳಿ ಒಂದು ಮಗ್ಗುಲು ತೆರೆದ ‘ಸಿ’ ಆಕಾರದ್ದು. ಒಂದು ಚಕ್ರ ಗುಂಡಿಗಿಳಿದಾಗ ಇಡೀ ಚಾಸಿ ತಿರುಚಿಕೊಂಡು ಎಲ್ಲ ಚಕ್ರಗಳನ್ನೂ ನೆಲದ ಮೇಲೆ ಇಡಲಿ ಎಂದೇ ಹಾಗೆ ಮಾಡಿರುತ್ತಾರೆ. ಲಾರಿಗೆ ಆ ಬಳುಕು ಬೇಕು. ಬಾಗಿಲು, ಗಾಜು, ಬೀಡಿಂಗು ಇರುವ ಕಾರಿಗೆ ಬೇಡ.

ಕಾರಿನಲ್ಲಿ ಬೇರೆ ಚಾಸಿ ಬಿಟ್ಟು ಬಾಡಿಯಿಂದಲೇ ಭಾರ ಹೊರಿಸುವುದು ಹಳೆಯ ಆಲೋಚನೆ. 1922ರಲ್ಲಿ ಇಟಲಿಯ ಲ್ಯಾನ್ಸಿಯಾ ಕಂಪನಿ ಲ್ಯಾಂಬ್ಡಾ ಎಂಬ ಕಾರಿನಲ್ಲಿ ಅದನ್ನು ಮಾಡಿ ತೋರಿಸಿತು. 1934ರಲ್ಲಿ ಫ್ರಾನ್ಸಿನ ಸಿಟ್ರೊಯೆನ್ ತನ್ನ ಟ್ರಾಕ್ಸಿಯೋಂ ಅವಾಂ ಕಾರಿನಲ್ಲಿ ಉಕ್ಕಿನ ತಗಡು ಬೆಸೆದು ದೊಡ್ಡ ಸಂಖ್ಯೆಯಲ್ಲಿ ತಯಾರಿಸಿತು. ಆಮೇಲಿನದು ಎಲ್ಲರಿಗೂ ಗೊತ್ತಿರುವ ಕಥೆ.

ಈಗ ಆಕಾರದ ವಿಷಯಕ್ಕೆ ಬರೋಣ. ಧಾರವಾಡ ಪೇಡೆಯ ಖಾಲಿ ಡಬ್ಬ ಮನೆಯಲ್ಲಿದ್ದರೆ ತೆಗೆದುಕೊಳ್ಳಿ. ಮುಚ್ಚಳ ತೆಗೆದು ಎರಡು ತುದಿ ಹಿಡಿದು ತಿರುಚಿ, ಸುಲಭವಾಗಿ ತಿರುಚುತ್ತದೆ. ಮುಚ್ಚಳ ಹಾಕಿ ಅಂಚಿನುದ್ದಕ್ಕೂ ಟೇಪು ಅಂಟಿಸಿ ಮತ್ತೆ ತಿರುಚಿ ನೋಡಿ. ರಟ್ಟು ಅದೇ, ತೂಕವೂ ಹೆಚ್ಚುಕಡಿಮೆ ಅದೇ, ಆದರೆ ಈಗ ಕೈ ಸೋಲುತ್ತದೆ. ಸೂರಿರುವ ಕಾರು ಮುಚ್ಚಿದ ಡಬ್ಬ, ಸೂರಿಲ್ಲದ ಕನ್ವರ್ಟಿಬಲ್ ತೆರೆದ ಡಬ್ಬ.

ಲೆಕ್ಕವೂ ಅದನ್ನೇ ಹೇಳುತ್ತದೆ. 50 ಮಿಲಿಮೀಟರ್ ಚೌಕದ, 2 ಮಿಲಿಮೀಟರ್ ದಪ್ಪದ ಉಕ್ಕಿನ ಕೊಳವೆಯೊಂದನ್ನು ತೆಗೆದುಕೊಳ್ಳಿ. ಅದರ ಒಂದು ಮಗ್ಗುಲನ್ನು ಉದ್ದಕ್ಕೂ ಗರಗಸದಿಂದ ಸೀಳಿಬಿಡಿ. ಒಂದಿಷ್ಟು ಪುಡಿ ಬಿಟ್ಟರೆ ಕಬ್ಬಿಣವೇನೂ ಕಳೆದುಹೋಗಲಿಲ್ಲ. ಆದರೆ ತಿರುಚುವಿಕೆಗೆ ಅದರ ಬಿಗಿತ ಸುಮಾರು 430 ಪಟ್ಟು ಕುಸಿಯುತ್ತದೆ. ನಂಬಿಕೆ ಬಾರದಿದ್ದರೆ ಪಿವಿಸಿ ಪೈಪಿನ ತುಂಡೊಂದನ್ನು ಸೀಳಿ ಕೈಯಲ್ಲಿ ತಿರುಚಿ ನೋಡಿ. ಮುಚ್ಚಿದ ಕೊಳವೆಯ ಬಿಗಿತ ಅದು ಸುತ್ತುವರಿದ ಜಾಗದ ವಿಸ್ತೀರ್ಣದ ವರ್ಗಕ್ಕೆ ತಕ್ಕಂತೆ ಏರುತ್ತದೆ, ಸುತ್ತಳತೆಗೆ ತಕ್ಕಂತೆ ಇಳಿಯುತ್ತದೆ. ತಗಡಿನ ದಪ್ಪ ಇಮ್ಮಡಿಯಾದರೆ ಬಿಗಿತ ಇಮ್ಮಡಿ. ದಪ್ಪವನ್ನು ಹಾಗೆಯೇ ಬಿಟ್ಟು ಕೊಳವೆಯ ಅಗಲ, ಎತ್ತರ ಎರಡನ್ನೂ ಇಮ್ಮಡಿ ಮಾಡಿದರೆ ಬಿಗಿತ ಎಂಟು ಪಟ್ಟು. ಇಡೀ ಕ್ಯಾಬಿನ್ನನ್ನು ಸುತ್ತುವ ತೆಳ್ಳನೆಯ ತಗಡಿನ ಮುಂದೆ ಕೆಳಗೆ ಅಂಟಿಸಿದ ದಪ್ಪ ಪೈಪು ಏಕೆ ಸಣ್ಣದಾಗುತ್ತದೆ ಎಂಬುದಕ್ಕೆ ಇದೇ ಕಾರಣ. ಪೈಪಿನ ವ್ಯಾಪಾರಿಗಳು ಈ ಮಾತನ್ನು ಹೇಳುವುದಿಲ್ಲ.

ಹಾಗಾದರೆ ಮಸ್ಟಾಂಗ್‌ಗೆ ಪೈಪೇಕೆ?

ಮಸ್ಟಾಂಗ್ 1964ರ ಏಪ್ರಿಲ್ 17ರಂದು ಮಾರುಕಟ್ಟೆಗೆ ಬಂತು. ಅದನ್ನು ಕಟ್ಟಿದ್ದು ಫೋರ್ಡಿನ ಫಾಲ್ಕನ್ ಎಂಬ ಸಾದಾ, ಅಗ್ಗದ ಕಾರಿನ ತಳಹದಿಯ ಮೇಲೆ. ಎರಡೂ ಮಾನೊಕಾಕ್. ಮುಂದಿನ ಬಂಪರಿನಿಂದ ಎರಡು ಪೆಟ್ಟಿಗೆಯಾಕಾರದ ಹಳಿಗಳು ಹೊರಟು, ಎಂಜಿನ್ನಿನ ಎರಡೂ ಪಕ್ಕ ಸಾಗಿ, ನೆಲದ ತಗಡಿನ ಕೆಳಗೆ ಇಳಿದು, ಮುಂದಿನ ಸೀಟಿನ ಸುಮಾರಿಗೆ ಮುಗಿದುಹೋಗುತ್ತವೆ. ಹಿಂದೆ ಬೇರೆ ಎರಡು ಹಳಿಗಳು ಹಿಂದಿನ ಸೀಟಿನ ಮುಂಭಾಗದಲ್ಲಿ ಶುರುವಾಗಿ, ಆಕ್ಸಲ್ಲಿನ ಮೇಲೆ ಹಾಯ್ದು, ಡಿಕ್ಕಿಯ ತುದಿ ಮುಟ್ಟುತ್ತವೆ. ಲೀಫ್ ಸ್ಪ್ರಿಂಗುಗಳು ತೂಗುವುದು ಇವಕ್ಕೆ. ಮುಂದಿನ ಜೋಡಿಗೂ ಹಿಂದಿನ ಜೋಡಿಗೂ ನೇರ ಸಂಬಂಧವಿಲ್ಲ. ನಡುವೆ ಇರುವುದು ನೆಲದ ತಗಡು, ಗೇರ್‌ಬಾಕ್ಸಿನ ಸುರಂಗ, ಬಾಗಿಲ ಕೆಳಗಿನ ಹೊಸ್ತಿಲಿನ ಪೆಟ್ಟಿಗೆ. ಮುಂದಿನ ಗಾಜೂ ಆಗ ರಬ್ಬರ್ ಬೀಡಿಂಗಿನೊಳಗೆ ಕೂರುತ್ತಿತ್ತು. ಈಗಿನ ಕಾರುಗಳಲ್ಲಿ ಗಾಜನ್ನು ಗಟ್ಟಿ ಅಂಟಿನಿಂದ ಬಾಡಿಗೆ ಅಂಟಿಸುವುದರಿಂದ ಅದೂ ಭಾರ ಹಂಚಿಕೊಳ್ಳುತ್ತದೆ. ಅಂದಿನ ಗಾಜಿನಿಂದ ಆ ಉಪಕಾರ ಇರಲಿಲ್ಲ.

ಆರು ಸಿಲಿಂಡರಿನ ಎಂಜಿನ್ನು, ಸಣ್ಣ ಟೈರು, ಸೂರಿರುವ ಬಾಡಿ ಇದ್ದಾಗ ಇಷ್ಟು ಸಾಕಾಗಿತ್ತು. ಆದರೆ ವಿ8 ಎಂಜಿನ್ ಕೂರಿಸಿದರು, ಸೂರನ್ನು ತೆಗೆದರು, ಅಗಲದ ಟೈರು ಹಾಕಿದರು. ಅರವತ್ತು ವರ್ಷದಲ್ಲಿ ಬೆಸುಗೆಗಳು ಸಡಿಲಾದವು, ತುಕ್ಕು ತನ್ನ ಪಾಲು ತೆಗೆದುಕೊಂಡಿತು. ಇಂಥ ಕಾರಿನ ಮುಂದಿನ ಒಂದು ಮೂಲೆಗೆ ಜಾಕ್ ಕೊಟ್ಟು ಎತ್ತಿದರೆ ಬಾಗಿಲಿನ ಮೇಲಿನ ಸಂದು ಕಣ್ಣಿಗೆ ಕಾಣುವಷ್ಟು ಕಿರಿದಾಗುತ್ತದೆ. ಬಾಗಿಲು ತೆರೆದರೆ ಮತ್ತೆ ಹಾಕುವುದು ಕಷ್ಟ.

ಸಬ್‌ಫ್ರೇಮ್ ಕನೆಕ್ಟರ್ ಎನ್ನುವುದು ಈ ಮುಂದಿನ ಹಳಿಯನ್ನು ಹಿಂದಿನ ಹಳಿಗೆ ಸೇರಿಸುವ ಪೈಪು. ಸಾಮಾನ್ಯವಾಗಿ 50 ಮಿಲಿಮೀಟರಿಗೆ 75 ಮಿಲಿಮೀಟರ್ ಆಯತದ, 2 ಅಥವಾ 3 ಮಿಲಿಮೀಟರ್ ದಪ್ಪದ ಕೊಳವೆ. ದಪ್ಪದ್ದು ಮೀಟರಿಗೆ ಐದೂವರೆ ಕಿಲೋ ತೂಗುತ್ತದೆ. ಹಾಗಾಗಿ ತೂಕದ ದೃಷ್ಟಿಯಿಂದ ಅದು ದೊಡ್ಡ ಹೊರೆಯಲ್ಲ.

ಇಲ್ಲಿ ಒಂದು ವಿಷಯವನ್ನು ಬಿಡಿಸಿ ನೋಡಬೇಕು. ಕಾರು ನಡುವಿನಲ್ಲಿ ಜೋತು ಬೀಳುವುದು ಬೇರೆ, ಉದ್ದಕ್ಕೆ ತಿರುಚುವುದು ಬೇರೆ. ಅಕ್ಕಪಕ್ಕ ಮಲಗಿಸಿದ ಎರಡು ಪೈಪುಗಳು ಜೋತು ಬೀಳುವುದನ್ನು ಚೆನ್ನಾಗಿ ತಡೆಯುತ್ತವೆ. ತಿರುಚುವಿಕೆಗೆ ಅವಷ್ಟೇ ಬಹಳ ಉಪಯೋಗವಿಲ್ಲ, ಏಕೆಂದರೆ ಒಂದು ಮೇಲೆದ್ದಾಗ ಇನ್ನೊಂದು ಕೆಳಗಿಳಿಯುವುದನ್ನು ತಡೆಯುವವರು ಯಾರೂ ಇಲ್ಲ. ಆದ್ದರಿಂದ ಅರಿತವರು ಪೈಪನ್ನು ಬರೀ ಎರಡು ತುದಿಗೆ ಬೆಸೆದು ಸುಮ್ಮನಾಗುವುದಿಲ್ಲ. ನೆಲದ ತಗಡಿಗೆ ಉದ್ದಕ್ಕೂ ಬೆಸೆಯುತ್ತಾರೆ. ಪಕ್ಕದ ಹೊಸ್ತಿಲಿನ ಪೆಟ್ಟಿಗೆಗೆ ಸಣ್ಣ ಸಣ್ಣ ಅಡ್ಡತೋಳು ಕೊಟ್ಟು ಕಟ್ಟುತ್ತಾರೆ. ಆಗ ನೆಲ, ಹಳಿ, ಹೊಸ್ತಿಲು ಸೇರಿ ಒಂದು ಚೌಕಟ್ಟಾಗುತ್ತದೆ. ಫೋರ್ಡ್ ತಾನೇ ಕನ್ವರ್ಟಿಬಲ್ ಮಸ್ಟಾಂಗ್‌ನಲ್ಲಿ ಮಾಡಿದ್ದೂ ಇದನ್ನೇ: ಹೊಸ್ತಿಲಿನ ಪೆಟ್ಟಿಗೆಯೊಳಗೆ ಹೆಚ್ಚುವರಿ ತಗಡು, ಮುಂದಿನ ಹಳಿಯನ್ನು ಹೊಸ್ತಿಲಿಗೆ ಕಟ್ಟುವ ಟಾರ್ಕ್ ಬಾಕ್ಸ್ ಎಂಬ ಮುಚ್ಚಿದ ಪೆಟ್ಟಿಗೆ, ಸೀಟಿನ ಕೆಳಗೆ ದಪ್ಪ ತಗಡು. ನಿಮ್ಮ ಅಣ್ಣನ ಮಗನ ಕಾರು ಕನ್ವರ್ಟಿಬಲ್ ಆಗಿದ್ದರೆ ಇದರಲ್ಲಿ ಸ್ವಲ್ಪ ಅವನಿಗೆ ಆಗಲೇ ಸಿಕ್ಕಿದೆ. ಆದರೂ ಸೂರು ಹೋದ ನಷ್ಟ ಪೂರ್ತಿ ತುಂಬಿಲ್ಲ.

ಆ ಕಾಲದ ಬೇರೆ ಕಂಪನಿಗಳೂ ಇದೇ ತಲೆನೋವಿನಿಂದ ಒದ್ದಾಡಿವೆ. ಶೆವ್ರೊಲೆಯ 1967ರ ಕಮಾರೊ ಮುಂದಿನ ಅರ್ಧಕ್ಕೆ ಬೋಲ್ಟಿನಿಂದ ಬಿಗಿದ ಬೇರೆ ಸಬ್‌ಫ್ರೇಮ್ ಹೊಂದಿತ್ತು. ಅದರ ಕನ್ವರ್ಟಿಬಲ್ಲಿನ ನಡುಕವನ್ನು ಹಿಡಿಯಲು ನಾಲ್ಕೂ ಮೂಲೆಯಲ್ಲಿ ಸ್ಪ್ರಿಂಗಿನ ಮೇಲೆ ಕೂತ ತೂಕದ ಡಬ್ಬಿಗಳನ್ನು ಇಟ್ಟಿದ್ದರು. ಬಾಡಿ ಒಂದು ಕಡೆ ನಡುಗಿದರೆ ತೂಕ ಎದುರು ಕಡೆ ಆಡಿ ಅದನ್ನು ಶಮನ ಮಾಡಬೇಕು. ಜನ ಅದಕ್ಕೆ ಕಾಕ್‌ಟೇಲ್ ಶೇಕರ್ ಎಂದು ಹೆಸರಿಟ್ಟರು. ನಡುಕದ ಮೂಲವನ್ನು ಸರಿಪಡಿಸುವ ಬದಲು ನಡುಕಕ್ಕೆ ಎದುರು ನಡುಕ ಕಟ್ಟಿದ ಈ ಉಪಾಯವನ್ನು ಓದಿದಾಗಲೆಲ್ಲ ನನಗೆ ನಗು ಬರುತ್ತದೆ, ಅಷ್ಟೇ ಮೆಚ್ಚುಗೆಯೂ.

ಮಸ್ಟಾಂಗ್‌ನ ಇನ್ನೊಂದು ದುರ್ಬಲ ಜಾಗ ಎಂಜಿನ್ ಕೋಣೆ. ಮುಂದಿನ ಸ್ಪ್ರಿಂಗುಗಳು ಮೇಲಿನ ತೋಳಿನ ಮೇಲೆ ಕೂತು, ಶಾಕ್ ಟವರ್ ಎಂಬ ತಗಡಿನ ಗೋಪುರಗಳನ್ನು ಕೆಳಗಿನಿಂದ ಒತ್ತುತ್ತಿರುತ್ತವೆ. ವರ್ಷಗಳ ಒತ್ತಡದಲ್ಲಿ ಎರಡು ಗೋಪುರಗಳೂ ಒಳಮುಖವಾಗಿ ವಾಲುತ್ತವೆ. 1965ರಲ್ಲಿ ಅಮೆರಿಕದ ರೇಸ್ ಕಾರು ತಯಾರಕ ಕ್ಯಾರಲ್ ಶೆಲ್ಬಿ ಮಸ್ಟಾಂಗ್‌ನಿಂದ ರೂಪಿಸಿದ ತಮ್ಮ ಜಿಟಿ350 ಕಾರಿಗೆ ಎರಡು ಪಟ್ಟಿ ಸೇರಿಸಿದರು. ಗೋಪುರಗಳಿಂದ ಹಿಂದಿನ ಗೋಡೆಗೆ ಹೋಗುವ ಒಂದೇ ತುಂಡಿನ ಎಕ್ಸ್‌ಪೋರ್ಟ್ ಬ್ರೇಸ್ ಒಂದು, ಗೋಪುರದಿಂದ ಗೋಪುರಕ್ಕೆ ಅಡ್ಡ ಹಾಯುವ ಮಾಂಟೆ ಕಾರ್ಲೊ ಬಾರ್ ಇನ್ನೊಂದು. ಪರದೇಶಕ್ಕೆ ಕಳಿಸುವ ಕಾರುಗಳಿಗೆ ಫೋರ್ಡ್ ಹಾಕುತ್ತಿದ್ದ ಪಟ್ಟಿಯಾದ್ದರಿಂದ ಮೊದಲನೆಯದಕ್ಕೆ ಆ ಹೆಸರು. ಜರ್ಮನಿಗೆ ಹೋದ ಮಸ್ಟಾಂಗ್‌ಗಳಲ್ಲಿ ಅದಿತ್ತು. ಅಲ್ಲಿ ಮಸ್ಟಾಂಗ್ ಎಂಬ ಹೆಸರು ಆಗಲೇ ಕ್ರುಪ್ ಕಂಪನಿಯ ವಶದಲ್ಲಿದ್ದುದರಿಂದ ಕಾರನ್ನು ಟಿ-5 ಎಂದು ಮಾರುತ್ತಿದ್ದರು ಎಂಬುದು ಬೇರೆ ಮಾತು. ಈ ಎರಡು ಪಟ್ಟಿಗಳಿಗೆ ವೆಲ್ಡಿಂಗೇ ಬೇಡ, ಬೋಲ್ಟು ಸಾಕು. ಬೆಲೆಯೂ ಕಡಿಮೆ, ಬೇಡವಾದರೆ ಬಿಚ್ಚಬಹುದು. ನಿಮ್ಮ ಅಣ್ಣನ ಮಗ ಇಲ್ಲಿಂದ ಶುರು ಮಾಡಿದರೆ ನಾನು ಇನ್ನಷ್ಟು ಸಂತೋಷಪಡುತ್ತೇನೆ.

ಬಿಗಿಯಾದರೆ ಲಾಭವೇನು? ಬಾಗಿಲು ಸರಿಯಾಗಿ ಕೂರುವುದು, ಸ್ಟಿಯರಿಂಗ್ ಕಂಬ ನಡುಗದಿರುವುದು ಕೈಗೇ ಗೊತ್ತಾಗುತ್ತದೆ. ತಿರುವಿನ ವಿಷಯ ಸ್ವಲ್ಪ ಸೂಕ್ಷ್ಮ. ಕಾರು ತಿರುವಿನಲ್ಲಿ ವಾಲುವಾಗ ಮುಂದಿನ ಚಕ್ರ ಎಷ್ಟು ಭಾರ ಹೊರಬೇಕು, ಹಿಂದಿನದು ಎಷ್ಟು ಎಂಬುದನ್ನು ಎಂಜಿನಿಯರರು ಸ್ಪ್ರಿಂಗು ಮತ್ತು ಆಂಟಿ-ರೋಲ್ ಬಾರುಗಳಿಂದ ಹೊಂದಿಸುತ್ತಾರೆ. ಮುಂದು ಹಿಂದನ್ನು ಕೂಡಿಸುವ ಬಾಡಿಯೇ ಬಳುಕಿದರೆ ಅದೂ ಒಂದು ಸ್ಪ್ರಿಂಗೇ ಆಯಿತು, ಯಾರೂ ಲೆಕ್ಕಕ್ಕೆ ಹಿಡಿಯದ ಸ್ಪ್ರಿಂಗು. ಉದಾಹರಣೆಗೆ ಸಸ್ಪೆನ್ಷನ್ನಿನ ಬಿಗಿತ ಡಿಗ್ರಿಗೆ 1000 ನ್ಯೂಟನ್ ಮೀಟರ್ ಎಂದಿಟ್ಟುಕೊಳ್ಳಿ. ಅದರ ಬೆನ್ನಿಗೆ 4000ದ ಬಾಡಿ ಇದ್ದರೆ ಎರಡೂ ಸೇರಿ ಕೈಗೆ ಸಿಗುವುದು 800 ಮಾತ್ರ. ಬಾಡಿಯನ್ನು 8000ಕ್ಕೆ ಏರಿಸಿದರೆ 889. ಕಷ್ಟಪಟ್ಟು 20,000ಕ್ಕೆ ಮುಟ್ಟಿಸಿದರೆ 952. ಅಲ್ಲಿಂದ 40,000ಕ್ಕೆ ಹಾರಿದರೂ 976. ಮೊದಲ ಹೆಜ್ಜೆಯಲ್ಲಿ ಸಿಕ್ಕಷ್ಟು ಲಾಭ ಆಮೇಲೆ ಎಂದೂ ಸಿಗುವುದಿಲ್ಲ. ಸಡಿಲ ಕಾರಿನ ಯಜಮಾನ ಎರಡು ಪೈಪು ಹಾಕಿಸಿ ‘ಕಾರೇ ಬೇರೆ ಆಯಿತು’ ಎಂದು ಹೇಳಿದರೆ ಅದು ಬರೀ ಉಬ್ಬುಮಾತಲ್ಲ. ಮೊದಲೇ ಬಿಗಿಯಾಗಿರುವ ಇಂದಿನ ಕಾರಿನವನು ಅದೇ ಮಾತು ಹೇಳಿದರೆ ಖರ್ಚು ಮಾಡಿದ ಹಣ ಮಾತಾಡುತ್ತಿದೆ ಎಂದು ತಿಳಿಯಿರಿ.

ಅಳೆಯುವುದೂ ದೊಡ್ಡ ವಿದ್ಯೆಯಲ್ಲ. ಕಾರಿನ ಹಿಂಭಾಗವನ್ನು ಅಲುಗದಂತೆ ಕಟ್ಟಿ, ಮುಂದೆ ಅಡ್ಡಕ್ಕೊಂದು ತೊಲೆ ಇಟ್ಟು, ನಡುವಿನಿಂದ ಒಂದು ಮೀಟರ್ ದೂರದಲ್ಲಿ 50 ಕಿಲೋ ತೂಗುಹಾಕಿ. ಸುಮಾರು 490 ನ್ಯೂಟನ್ ಮೀಟರಿನ ತಿರುಚು ಸಿಗುತ್ತದೆ. ಆ ತೊಲೆಯ ತುದಿ ಒಂದೂಮುಕ್ಕಾಲು ಮಿಲಿಮೀಟರ್ ಇಳಿದರೆ ಬಾಡಿ ಡಿಗ್ರಿಯ ಹತ್ತನೇ ಒಂದು ಭಾಗ ತಿರುಚಿತು, ಅಂದರೆ ಬಿಗಿತ ಡಿಗ್ರಿಗೆ 4900. ವೆಲ್ಡಿಂಗಿಗೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಹೀಗೆ ಅಳೆದವರ ಮಾತನ್ನು ನಂಬಬಹುದು. ಆದರೆ ಅಳೆಯುವವರು ಕಡಿಮೆ.

ಇನ್ನು ಕೆಲಸ ಮಾಡುವ ಬಗೆ. ಹೆಚ್ಚು ಕಾರುಗಳು ಕೆಡುವುದು ಇಲ್ಲೇ. ಮಿಷಿಗನ್‌ನಲ್ಲಿ ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುತ್ತಾರೆ. ಅಲ್ಲಿಯ ಹಳೆಯ ಕಾರುಗಳ ಅಡಿಭಾಗವನ್ನು ಆ ಉಪ್ಪು ತಿಂದುಹಾಕಿರುತ್ತದೆ. ಮಸ್ಟಾಂಗ್‌ಗೆ ಇನ್ನೊಂದು ಕಾಟವೂ ಉಂಟು. ಮುಂದಿನ ಗಾಜಿನ ಬುಡದಲ್ಲಿರುವ ಗಾಳಿಯ ತೊಟ್ಟಿಗೆ ತೂತು ಬಿದ್ದು ಮಳೆನೀರು ಒಳಗಿಳಿದು, ಕಾರ್ಪೆಟ್ಟಿನಡಿಯಲ್ಲೇ ನೆಲ ಕೊಳೆಯುತ್ತದೆ. ಕೊಳೆತ ತಗಡಿಗೆ ಹೊಸ ಪೈಪು ಬೆಸೆದರೆ ಮೊದಲ ಗುಂಡಿಯಲ್ಲೇ ಪೈಪು ತಗಡನ್ನು ಕಿತ್ತುಕೊಂಡು ಬರುತ್ತದೆ. ಹಾಗಾಗಿ ಮೊದಲು ಸುತ್ತಿಗೆಯಿಂದ ತಟ್ಟಿ ನೋಡಬೇಕು, ಚೂಪು ಸಲಾಕೆಯಿಂದ ಚುಚ್ಚಿ ನೋಡಬೇಕು. ತೂತು ಬಿದ್ದ ಕಡೆ ಹೊಸ ತಗಡು ಹಾಕುವ ಟಿಂಕರಿಂಗ್ ಕೆಲಸ ಮುಗಿಯದೆ ಪೈಪಿನ ಮಾತೇ ಎತ್ತಬಾರದು.

ಎರಡನೆಯದು ಕಾರನ್ನು ನಿಲ್ಲಿಸುವ ಭಂಗಿ. ಗ್ಯಾರೇಜಿನ ಎರಡು ಕಂಬದ ಲಿಫ್ಟು ಕಾರನ್ನು ನಡುಭಾಗದಲ್ಲಿ ಹಿಡಿದೆತ್ತುತ್ತದೆ. ಆಗ ಎಂಜಿನ್ನಿನ ಭಾರಕ್ಕೆ ಮೂತಿ ಕೆಳಗೆ ಜೋಲುತ್ತದೆ, ಹಿಂಬದಿಯೂ ಜೋಲುತ್ತದೆ. ಆ ಸ್ಥಿತಿಯಲ್ಲಿ ಬೆಸೆದರೆ ಜೋತ ಆಕಾರವೇ ಶಾಶ್ವತವಾಗುತ್ತದೆ. ಕಾರು ಕೆಳಗಿಳಿದ ಮೇಲೆ ಬಾಗಿಲು ಹಾಕಲು ಬಾರದೆ ಅಳುವವರು ಇದ್ದಾರೆ. ಕಾರಿನ ಭಾರ ನಾಲ್ಕೂ ಚಕ್ರದ ಮೇಲೆ ಇರಬೇಕು, ರಸ್ತೆಯಲ್ಲಿ ನಿಂತ ಹಾಗೆ. ಇದಕ್ಕೆ ಕಾರನ್ನು ಹತ್ತಿಸಿ ನಿಲ್ಲಿಸುವ ನಾಲ್ಕು ಕಂಬದ ಲಿಫ್ಟು ಬೇಕು. ಬಾಗಿಲಿನ ಸುತ್ತಲ ಸಂದನ್ನು ಮೊದಲೇ ಅಳೆದು ಬರೆದಿಟ್ಟು, ಕೆಲಸದ ನಡುವೆ ಮತ್ತೆ ಮತ್ತೆ ನೋಡಬೇಕು. ಕನ್ವರ್ಟಿಬಲ್ ಆಗಿದ್ದರೆ ಬಾಗಿಲ ಚೌಕಟ್ಟಿಗೆ ತಾತ್ಕಾಲಿಕವಾಗಿ ಊರುಗೋಲು ಬೆಸೆದಿಟ್ಟುಕೊಳ್ಳುವುದು ಕ್ಷೇಮ.

ಆಮೇಲೆ ಬೆಸುಗೆ. ಪೈಪು 3 ಮಿಲಿಮೀಟರ್ ದಪ್ಪ, ನೆಲದ ತಗಡು ಒಂದು ಮಿಲಿಮೀಟರಿನ ಆಸುಪಾಸು. ಗೇಟು, ಗ್ರಿಲ್ಲು ಮಾಡುವ ಕಡ್ಡಿಯ ಆರ್ಕ್ ವೆಲ್ಡಿಂಗ್ ಇಲ್ಲಿ ತಗಡನ್ನು ತೂತು ಮಾಡಿಬಿಡುತ್ತದೆ. ತಂತಿ ಸುರುಳಿಯಿಂದ ಬರುವ ಮಿಗ್ ವೆಲ್ಡಿಂಗೇ ಬೇಕು, ನಮ್ಮ ಗ್ಯಾರೇಜುಗಳಲ್ಲಿ ಸಿಓಟು ವೆಲ್ಡಿಂಗ್ ಎನ್ನುತ್ತಾರಲ್ಲ, ಅದು. ಉರಿಯನ್ನು ದಪ್ಪದ ಕಡೆಗೆ ಹಿಡಿದು ತೆಳುವಿನ ಕಡೆಗೆ ಹರಿಸಬೇಕು. ಒಂದೇ ಉಸಿರಿಗೆ ಉದ್ದಕ್ಕೂ ಎಳೆಯಬಾರದು. ಒಂದಿಂಚು ಬೆಸೆದು, ಎರಡು ಮೂರು ಇಂಚು ಬಿಟ್ಟು, ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೋಗಿ, ತಣ್ಣಗಾಗಲು ಬಿಡಬೇಕು. ಇಲ್ಲದಿದ್ದರೆ ಕಾವಿಗೆ ತಗಡು ಸೊಟ್ಟಗಾಗುತ್ತದೆ. ಪೈಪಿನ ತುದಿ ಥಟ್ಟನೆ ಕೊನೆಯಾಗುವುದೂ ಕೆಟ್ಟದ್ದು. ಬಿಗಿ ಪೈಪು ಮುಗಿದು ಮೆದು ತಗಡು ಶುರುವಾಗುವ ಗೆರೆಯಲ್ಲೇ ಮುಂದೆ ಬಿರುಕು ಬಿಡುತ್ತದೆ. ಹಳಿಯ ಮೇಲೆ ಒಂದು ಗೇಣಾದರೂ ಹೊದ್ದುಕೊಂಡು, ತುದಿಯನ್ನು ಓರೆಯಾಗಿ ಕತ್ತರಿಸಿ ಮುಗಿಸಬೇಕು.

ಬ್ಯಾಟರಿ ಬಿಚ್ಚುವುದು, ಸೀಟು ಕಾರ್ಪೆಟ್ ತೆಗೆಯುವುದು, ಪೆಟ್ರೋಲ್ ಪೈಪು ಬ್ರೇಕ್ ಪೈಪುಗಳನ್ನು ಕಾವಿನಿಂದ ದೂರ ಸರಿಸುವುದು, ಒಳಗೊಬ್ಬರು ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಕೂರುವುದು — ಹೇಳಬೇಕಾಗಿಲ್ಲ, ಆದರೂ ಹೇಳಿದೆ. ಕೊನೆಗೆ ಪೈಪಿನೊಳಕ್ಕೆ ಮೇಣ ಸಿಂಪಡಿಸಿ, ನೀರಿಳಿಯಲು ತೂತು ಬಿಡಬೇಕು. ಬಾಯಿ ಮುಚ್ಚಿದ ಪೈಪಿನೊಳಗೆ ಸೇರಿದ ನೀರು ಹೊರಗೆ ಬರಲು ದಾರಿಯಿಲ್ಲದೆ ಅದನ್ನು ಒಳಗಿನಿಂದಲೇ ತಿನ್ನುತ್ತದೆ.

ಇಲ್ಲಿಯವರೆಗೆ ಬಿಗಿತದ ಮಾತಾಯಿತು. ಇದೇ ಹೆಸರಿನಲ್ಲಿ ಇನ್ನೊಂದು ಬೇರೆಯದೇ ಕೆಲಸ ನಡೆಯುತ್ತದೆ, ಎರಡನ್ನೂ ಬೆರೆಸಬಾರದು. ಬಿಎಂಡಬ್ಲ್ಯು 3 ಸೀರೀಸಿನ ಇ46 ಎಂಬ ತಲೆಮಾರು 1998ರಲ್ಲಿ ಬಂತು. ಅದರ ಹಿಂದಿನ ಡಿಫರೆನ್ಷಿಯಲ್ಲು ಮತ್ತು ಸಸ್ಪೆನ್ಷನ್ ತೋಳುಗಳು ಒಂದು ಸಬ್‌ಫ್ರೇಮ್ ಮೇಲೆ ಕೂತಿವೆ, ಆ ಸಬ್‌ಫ್ರೇಮು ನಾಲ್ಕು ರಬ್ಬರ್ ಬುಷ್ಷುಗಳ ಮೂಲಕ ಬಾಡಿಯ ತಗಡಿಗೆ ಬಿಗಿದಿದೆ. ಆಕ್ಸಲರೇಟರ್ ಒತ್ತಿದಾಗ ಒಂದು ಕಡೆ, ಬಿಟ್ಟಾಗ ಇನ್ನೊಂದು ಕಡೆ ಎಳೆತ. ಕೆಲವು ಕಾರುಗಳಲ್ಲಿ ಈ ಎಳೆದಾಟಕ್ಕೆ ಆ ನಾಲ್ಕು ಜಾಗದ ಸುತ್ತ ತಗಡು ಬಿರುಕುಬಿಟ್ಟು, ಸ್ಪಾಟ್ ವೆಲ್ಡುಗಳು ಕಿತ್ತುಬಂದವು. ಅಲ್ಲಿ ಮಾಡುವ ರಿಪೇರಿ ಎಂದರೆ ಬಿರುಕು ಬೆಸೆದು, ಮೇಲೆ ದಪ್ಪ ಪ್ಲೇಟು ಬೆಸೆದು, ಎಳೆತವನ್ನು ಅಗಲ ಜಾಗಕ್ಕೆ ಹಂಚುವುದು. ಅಲ್ಲಿ ಬಾಡಿ ಬಳುಕುತ್ತಿರಲಿಲ್ಲ. ಒಂದೇ ಕಡೆ ಲಕ್ಷಗಟ್ಟಲೆ ಸಲ ಎಳೆದು ತಗಡು ದಣಿದಿತ್ತು. ಬಾಗದಿರುವುದು, ಮುರಿಯದಿರುವುದು, ದಣಿಯದಿರುವುದು ಮೂರೂ ಬೇರೆ ಗುಣಗಳು. ದುಬಾರಿ ಗಟ್ಟಿ ಉಕ್ಕು ಬಳಸಿದ ಮಾತ್ರಕ್ಕೆ ಕಾರು ಬಿಗಿಯಾಗುವುದಿಲ್ಲ. ಸಾದಾ ಉಕ್ಕಿಗೂ ಅತಿ ಗಟ್ಟಿ ಉಕ್ಕಿಗೂ ಬಾಗುವ ಗುಣಾಂಕ 200 ಗಿಗಾಪ್ಯಾಸ್ಕಲ್ಲಿನ ಆಸುಪಾಸಿನಲ್ಲೇ ಇರುತ್ತದೆ. ಗಟ್ಟಿ ಉಕ್ಕು ಮುರಿಯುವುದು ತಡ, ಬಾಗುವುದು ಅಷ್ಟೇ.

ಇಷ್ಟು ತಿಳಿದ ಮೇಲೆ ನಿಮ್ಮ ಹ್ಯಾಚ್‌ಬ್ಯಾಕ್‌ಗೆ ಬರೋಣ. ಅದರ ಹಳಿಗಳು ಮುಂದಿನಿಂದ ಹಿಂದಕ್ಕೆ ಕಡಿಯದೆ ಸಾಗುತ್ತವೆ, ಇಲ್ಲವೇ ಹೊಸ್ತಿಲಿಗೆ ಸರಿಯಾಗಿ ಭಾರ ದಾಟಿಸುತ್ತವೆ. ಗಾಜು ಅಂಟಿಸಿದ್ದು, ಸೂರು ಇದೆ, ಹಿಂದಿನ ಬಾಗಿಲಿನ ಚೌಕಟ್ಟು ಪೆಟ್ಟಿಗೆಯಾಕಾರದ್ದು. ತುಂಬಬೇಕಾದ ಸಂದು ಇಲ್ಲ. ಕೆಡಿಸಬಹುದಾದದ್ದು ಮಾತ್ರ ಬಹಳ ಇದೆ. ಢಿಕ್ಕಿಯಾದಾಗ ಮುಂಭಾಗ ಲೆಕ್ಕದ ಪ್ರಕಾರ ಮಡಿಚಿಕೊಂಡು ಹೊಡೆತವನ್ನು ನುಂಗಬೇಕು, ಕ್ಯಾಬಿನ್ ಮಡಿಚಬಾರದು. ಮರ್ಸಿಡಿಸ್‌ನ ಬೇಲಾ ಬಾರೆನ್ಯಿ 1950ರ ದಶಕದಲ್ಲಿ ರೂಪಿಸಿದ ಈ ವಿಚಾರದ ಮೇಲೆಯೇ ಇಂದಿನ ಎಲ್ಲ ಕಾರುಗಳೂ ನಿಂತಿವೆ. ಮಡಿಚಬೇಕಾದ ಹಳಿಗೆ ನೀವು ಪೈಪು ಬೆಸೆದರೆ ಹೊಡೆತ ನೇರ ನಿಮ್ಮ ಎದೆಗೆ ಬರುತ್ತದೆ. ಏರ್‌ಬ್ಯಾಗ್ ಯಾವ ಕ್ಷಣಕ್ಕೆ ಬಿಚ್ಚಬೇಕು ಎಂಬ ಲೆಕ್ಕವೂ ಆ ಮಡಿಚುವ ಗತಿಯನ್ನೇ ನಂಬಿದೆ. ಹೊಸ ಕಾರುಗಳ ಕಂಬಗಳಲ್ಲಿ ಬಿಸಿಯಾಗಿ ಒತ್ತಿ ತಣಿಸಿದ ಅತಿ ಗಟ್ಟಿ ಉಕ್ಕು ಇರುತ್ತದೆ. ವೆಲ್ಡಿಂಗಿನ ಕಾವು ತಗುಲಿದ ಕಡೆ ಅದು ಮೆತ್ತಗಾಗುತ್ತದೆ, ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ.

ಕಾನೂನೂ ನಿಮ್ಮ ಗ್ಯಾರೇಜಿನವರ ಪರವಾಗಿಲ್ಲ. 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮು ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದ ಬದಲಾವಣೆಯನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಈ ಮಾತನ್ನು ಖಚಿತವಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಹೀಗೆ ಮಾರ್ಪಡಿಸಿದ ಮಾಲೀಕರಿಗೆ ಪ್ರತಿ ಮಾರ್ಪಾಟಿಗೆ 5000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ ಬೀಳಬಹುದು. ಅಪಘಾತವಾದರೆ ವಿಮೆಯವರು ಆ ಬೆಸುಗೆಯನ್ನೇ ಬೆರಳಿಟ್ಟು ತೋರಿಸುತ್ತಾರೆ. ರ‍್ಯಾಲಿ ಕಾರುಗಳಲ್ಲಿ ಸಂದು ಸಂದಿಗೂ ಬೆಸುಗೆ ಹಾಕಿ, ಒಳಗೆ ರೋಲ್ ಕೇಜ್ ಕಟ್ಟುವುದನ್ನು ಬೆಂಗಳೂರಿನ ಕೆ-1000ದಂಥ ರ‍್ಯಾಲಿಗಳಲ್ಲಿ ನೀವು ನೋಡಿರಬಹುದು. ಆ ಕೊಳವೆಗಳು ಇಡೀ ಕ್ಯಾಬಿನ್ನನ್ನೇ ಸುತ್ತುವುದರಿಂದ ಬಿಗಿತಕ್ಕೆ ಅದನ್ನು ಮೀರಿಸುವ ದಾರಿಯಿಲ್ಲ. ಆದರೆ ಅದು ಸ್ಪರ್ಧೆಯ ನಿಯಮಕ್ಕೆ ಕಟ್ಟಿದ ಕಾರು. ಒಳಗಿರುವವರು ಹೆಲ್ಮೆಟ್ ಹಾಕಿ ಐದಾರು ಪಟ್ಟಿಯ ಬೆಲ್ಟು ಬಿಗಿದುಕೊಂಡಿರುತ್ತಾರೆ. ಬರಿತಲೆಯಲ್ಲಿ ಕೂತು ಮಾರುಕಟ್ಟೆಗೆ ಹೋಗುವ ಕಾರಿನಲ್ಲಿ ತಲೆಯ ಪಕ್ಕ ಕಬ್ಬಿಣದ ಕೊಳವೆ ಇರಬಾರದು.

ನಿಮಗೆ ಈ ಯೋಚನೆ ಬಂದದ್ದು ಕಾರು ಗಡಗಡ ಎನ್ನುತ್ತಿರುವುದಕ್ಕೆ ಇರಬಹುದು ಎಂದು ನನ್ನ ಊಹೆ. ಹತ್ತು ವರ್ಷದ ಕಾರಿನಲ್ಲಿ ಸದ್ದು ಮಾಡುವುದು ಬಹುಪಾಲು ರಬ್ಬರು: ಲೋಯರ್ ಆರ್ಮ್ ಬುಷ್, ಸ್ಟ್ರಟ್ ಮೌಂಟ್, ಸ್ಟೆಬಿಲೈಜರ್ ಲಿಂಕ್, ಎಂಜಿನ್ ಮೌಂಟಿಂಗ್. ಇವನ್ನು ಬದಲಾಯಿಸಲು ವೆಲ್ಡಿಂಗಿನಷ್ಟು ಖರ್ಚಿಲ್ಲ, ಅಪಾಯವೂ ಇಲ್ಲ. ಅದಾದ ಮೇಲೂ ಅನುಮಾನ ಉಳಿದರೆ ಸಮತಟ್ಟು ನೆಲದ ಮೇಲೆ ಕಂಪನಿ ಗುರುತು ಮಾಡಿದ ಜಾಕ್ ಪಾಯಿಂಟಿಗೆ ಜಾಕ್ ಕೊಟ್ಟು, ಒಂದು ಮುಂದಿನ ಚಕ್ರ ನೆಲ ಬಿಡುವಷ್ಟು ಎತ್ತಿ, ಬಾಗಿಲನ್ನು ನಿಧಾನ ತೆರೆದು ಹಾಕಿ ನೋಡಿ. ಮೊದಲಿನಂತೆಯೇ ಕೂತರೆ ಬಾಡಿ ಚೆನ್ನಾಗಿದೆ. ಉಜ್ಜಿದರೆ, ಅಥವಾ ಜಾಕ್ ಕೊಟ್ಟ ಜಾಗವೇ ಒಳಕ್ಕೆ ಕುಸಿದರೆ, ಹೊಸ್ತಿಲಿನ ಪೆಟ್ಟಿಗೆಯೊಳಗೆ ತುಕ್ಕು ಇದೆ, ಇಲ್ಲವೇ ಹಿಂದಿನ ಯಾವುದೋ ಅಪಘಾತದ ರಿಪೇರಿ ನೆಟ್ಟಗೆ ಆಗಿಲ್ಲ. ಆಗ ಬಾಡಿಯನ್ನು ಬೆಂಚಿಗೆ ಕಟ್ಟಿ ಅಳೆದು ನೇರ ಮಾಡುವ ಸೌಲಭ್ಯವಿರುವ ಬಾಡಿಶಾಪಿಗೆ ಒಯ್ಯಿರಿ. ಅವರು ಕೊಳೆತ ಭಾಗವನ್ನು ಕಂಪನಿಯ ಬಿಡಿಭಾಗದಿಂದಲೇ ಬದಲಿಸಬೇಕು, ಹಳೆಯದರ ಮೇಲೆ ತಗಡು ಹೊದಿಸಬಾರದು. ಬಿಲ್ಲಿನಲ್ಲಿ ಯಾವ ಭಾಗ ಬದಲಿಸಿದರು ಎಂದು ನಂಬರಿನ ಸಮೇತ ಬರೆಸಿಕೊಳ್ಳಿ, ಮುಂದೆ ಮಾರುವಾಗ ಕೇಳುತ್ತಾರೆ.